ಕಾರವಾರ: ರೈಲು ತಪ್ಪಿದ ಕಡಲ ದಂಡೆಯ ಊರು



ನಮ್ಮ ಔರಾದ ಶಹಾಜನಿ, ನಿಲಂಗಾ, ಉಮರಗಾ, ಉದಗೀರ ಭಾಗದ ಮಕ್ಕಳಿಗೆ ಸಮುದ್ರ ಎಂಬುದು ಪುಸ್ತಕದ ಮಾತು. ನಾವು ಕಂಡ ನೀರೆಂದರೆ ತೇರಣಾ ಮತ್ತು ಮಾಂಜರಾ. ಅದೂ ಬೇಸಿಗೆಯಲ್ಲಿ ಕಾಣುವುದು ಕಷ್ಟ. ಮಾಂಜರೆಯ ನೀರು ಗೋದಾವರಿಯನ್ನು ಸೇರಿ ಮೂಡಣ ಕಡಲಿಗೆ ಹೋಗುತ್ತದೆ ಎಂದು ನಕಾಶೆ ತೋರಿಸಿ ಹೇಳುತ್ತೇವೆ. ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ಅಷ್ಟೆ.

ಇಂಗ್ಲಿಷ್ ಪಾಠಗಳಲ್ಲಿ ರಜೆ ಬಂದಾಗ ಸಮುದ್ರದ ದಂಡೆಗೆ ಹೋಗುವ ಮಕ್ಕಳ ಕಥೆಗಳು ಬರುತ್ತವೆ. ಉಸುಕಿನಲ್ಲಿ ಮನೆ ಕಟ್ಟುವುದು, ಕಪ್ಪೆಚಿಪ್ಪು ಆರಿಸುವುದು ಇತ್ಯಾದಿ. ಇದು ಇಂಗ್ಲೆಂಡಿನಲ್ಲಿ ಅನಾದಿ ಕಾಲದಿಂದ ಬಂದ ಪದ್ಧತಿಯೇನಲ್ಲ. ಸುಮಾರು 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರಿನಲ್ಲಿ ರೋಗ ಗುಣಪಡಿಸುವ ಶಕ್ತಿಯಿದೆ ಎಂದು ಪುಸ್ತಕ ಬರೆದರು. ಶ್ರೀಮಂತರು ಬ್ರೈಟನ್ ಎಂಬ ಮೀನುಗಾರರ ಊರಿಗೆ ಸ್ನಾನಕ್ಕೆ ಹೋಗತೊಡಗಿದರು. 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂತು, 1871ರಲ್ಲಿ ಸರಕಾರ ಕಾನೂನು ಮಾಡಿ ಸಾರ್ವಜನಿಕ ರಜೆ ಕೊಟ್ಟಿತು. ಆಗ ಗಿರಣಿ ಕಾರ್ಮಿಕರೂ ಹೆಂಡಿರು ಮಕ್ಕಳೊಂದಿಗೆ ಸಮುದ್ರ ನೋಡಲು ಹೊರಟರು. ಹೀಗೆ ಇಂಗ್ಲೆಂಡಿನ ಕಡಲ ದಂಡೆಯ ಸಣ್ಣ ಊರುಗಳು ಬೆಳೆದವು. ಅವುಗಳನ್ನು ಬೆಳೆಸಿದ್ದರಲ್ಲಿ ವೈದ್ಯರ ಪಾಲಿಗಿಂತ ರೈಲಿನ ಪಾಲೇ ದೊಡ್ಡದು.

ಅದೇ ಇಂಗ್ಲಿಷರು ನಮ್ಮ ಕನ್ನಡ ಕರಾವಳಿಯಲ್ಲಿಯೂ ಕಡಲ ದಂಡೆಗೆ ಒಂದು ಊರು ಕಟ್ಟಿದರು. ಅದೇ ಇಂದಿನ ಕಾರವಾರ. ಆದರೆ ಅವರು ಅದನ್ನು ಕಟ್ಟಿದ್ದು ಹವೆ ತಿನ್ನಲಿಕ್ಕಲ್ಲ, ಹತ್ತಿ ಸಾಗಿಸಲಿಕ್ಕೆ. ಅದಕ್ಕೆ ಬರಬೇಕಾಗಿದ್ದ ರೈಲು ಬರಲಿಲ್ಲ. ಹಾಗಾಗಿ ಬಂದರು ಪಟ್ಟಣವಾಗಬೇಕಿದ್ದ ಊರು ಸುಂದರವಾದ ದಂಡೆಯ ಶಾಂತ ಊರಾಗಿ ಉಳಿಯಿತು. ಈ ಕಥೆ ಗಡಿಭಾಗದವರಾದ ನಮಗೆ ಹಲವು ಕಾರಣಗಳಿಂದ ಹತ್ತಿರದ್ದು. ಆದ್ದರಿಂದ ಈ ಪರಿಚಯ ಲೇಖನ.

ಊರು ಎಲ್ಲಿದೆ?

ಕಾರವಾರ ಉತ್ತರ ಕನ್ನಡ ಜಿಲ್ಲೆಯ ಮುಖ್ಯ ಸ್ಥಳ. ಹಳಬರು ಆ ಜಿಲ್ಲೆಯನ್ನೇ 'ಕಾರವಾರ ಜಿಲ್ಲೆ' ಎನ್ನುತ್ತಿದ್ದರು. ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಗೋವಾ ಗಡಿ. ಸಹ್ಯಾದ್ರಿಯಲ್ಲಿ ಹುಟ್ಟಿದ ಕಾಳಿ ನದಿ ಸುಮಾರು 184 ಕಿ.ಮೀ. ಹರಿದು ಇಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನದಿಯ ಬಲದಂಡೆಯಲ್ಲಿ ಸದಾಶಿವಗಡದ ಗುಡ್ಡ, ಎಡದಂಡೆಯಲ್ಲಿ ಪಟ್ಟಣ. ಪಟ್ಟಣದ ಮುಂದೆ ಅರ್ಧಚಂದ್ರದ ಆಕಾರದ ಉಸುಕಿನ ದಂಡೆ. ದಕ್ಷಿಣದ ತುದಿಗೆ ಗುಡ್ಡದ ಮರೆಯಲ್ಲಿ ಬೈತ್‌ಕೋಲ್ ಬಂದರು. ಎದುರು ಸಮುದ್ರದಲ್ಲಿ ಕೂರ್ಮಗಡ, ದೇವಗಡ, ಅಂಜದೀವ ಮೊದಲಾದ ನಡುಗಡ್ಡೆಗಳು.

ನಡುಗಡ್ಡೆಗಳು ಅಲೆಯ ಹೊಡೆತವನ್ನು ತಡೆಯುತ್ತವೆ. ಆದ್ದರಿಂದ ಹಡಗು ನಿಲ್ಲಲು ಇದು ಸುರಕ್ಷಿತ ಜಾಗ. ಕಾರವಾರದ ಇತಿಹಾಸವೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದೆ. ಮಳೆಯ ವಿಷಯ ಹೇಳುವುದಾದರೆ, ನಮ್ಮ ಲಾತೂರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 800 ಮಿ.ಮೀ. ಆಸುಪಾಸು ಮಳೆಯಾದರೆ ಅಲ್ಲಿ 3000 ಮಿ.ಮೀ. ಆಸುಪಾಸು ಸುರಿಯುತ್ತದೆ.

ಹಳೆಯ ಕಾರವಾರ

ಹಳೆಯ ಕಾರವಾರ ಈಗಿನ ಜಾಗದಲ್ಲಿರಲಿಲ್ಲ. ಕಾಳಿ ನದಿಯ ದಂಡೆಗುಂಟ ಒಳಗಡೆ ಕಡವಾಡ ಎಂಬ ಹಳ್ಳಿಯಿದೆ, ಅದರ ಕಡೆಗಿತ್ತು. 'ಕಡವಾಡ' ಎಂಬ ಹೆಸರೇ ಪರದೇಶಿಗಳ ನಾಲಿಗೆಯಲ್ಲಿ 'ಕಾರವಾರ' ಆಯಿತು ಎನ್ನುತ್ತಾರೆ. 1638ರಲ್ಲಿ ಇಂಗ್ಲಿಷರ ಕೋರ್ಟೀನ್ ವ್ಯಾಪಾರಿ ಸಂಘದವರು ಇಲ್ಲಿ ಕೋಠಿ ತೆರೆದರು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಇಲ್ಲಿಂದ ಮೆಣಸು, ಏಲಕ್ಕಿ, ನೀಲಿ ಬಣ್ಣದ ದಪ್ಪ ಬಟ್ಟೆ ಹೋಗುತ್ತಿತ್ತು. ಎಲ್ಲಕ್ಕಿಂತ ಹೆಸರಾದದ್ದು ಮಲಮಲ್ ಬಟ್ಟೆ. ಅದನ್ನು ನೇಯುತ್ತಿದ್ದವರು ಕರಾವಳಿಯವರಲ್ಲ, ಘಟ್ಟದ ಮೇಲಿನ ಹುಬ್ಬಳ್ಳಿ ಮುಂತಾದ ಕಡೆಯವರು. ಸುಮಾರು 1660ರಲ್ಲಿ ಐವತ್ತು ಸಾವಿರ ನೇಕಾರರು ಈ ವ್ಯಾಪಾರಕ್ಕಾಗಿ ದುಡಿಯುತ್ತಿದ್ದರೆಂದು ಬ್ರಿಟಿಷರ ಗೆಝೆಟಿಯರ್ ಹೇಳುತ್ತದೆ. ಬಯಲುಸೀಮೆಯ ಮಗ್ಗಕ್ಕೂ ಕಡಲ ಹಡಗಿಗೂ ಅಂದಿನಿಂದಲೇ ನಂಟಿತ್ತು.

ಛತ್ರಪತಿ ಶಿವಾಜಿ ಮಹಾರಾಜರು 1665ರಲ್ಲಿ ಬಸರೂರಿನ ಮೇಲೆ ದಂಡೆತ್ತಿ ಹೋಗಿ ಮರಳುವಾಗ ಕಾರವಾರದವರಿಂದ ಹಣ ವಸೂಲು ಮಾಡಿದರು. ಇಂಗ್ಲಿಷರು ತಮ್ಮ ಪಾಲಿಗೆ ಬಂದ 112 ಪೌಂಡು ಕೊಟ್ಟರು. 1674ರಲ್ಲಿ ಮಹಾರಾಜರ ಸೈನ್ಯ ಪಟ್ಟಣವನ್ನು ಸುಟ್ಟಿತು, ಆದರೆ ಇಂಗ್ಲಿಷರಿಗೆ ತೊಂದರೆ ಕೊಡಲಿಲ್ಲ. 1684ರಲ್ಲಿ ಒಂದು ಇಂಗ್ಲಿಷ್ ಹಡಗಿನ ಆಳುಗಳು ಆಕಳೊಂದನ್ನು ಕದ್ದು ಕೊಂದರು. ಊರಿನ ಜನ ಎಷ್ಟು ಸಿಟ್ಟಿಗೆದ್ದರೆಂದರೆ ಇಂಗ್ಲಿಷರು ಗಂಟುಮೂಟೆ ಕಟ್ಟುವ ಪ್ರಸಂಗ ಬಂದಿತ್ತು!

1715ರ ಸುಮಾರಿಗೆ ಸೋಂದೆಯ ಅರಸರು ಹಳೆಯ ಕೋಟೆಯನ್ನು ಕೆಡವಿ ನದಿಯಾಚೆ ಸದಾಶಿವಗಡವನ್ನು ಕಟ್ಟಿಸಿದರು. 1752ರಲ್ಲಿ ಪೋರ್ತುಗೀಜರು ಅದನ್ನು ಹಿಡಿದರು. ಇಂಗ್ಲಿಷರ ವ್ಯಾಪಾರ ಮುಗಿಯಿತು. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಇಡೀ ಕನ್ನಡ ಜಿಲ್ಲೆ ಬ್ರಿಟಿಷರ ಕೈಸೇರಿತು. ಅಷ್ಟರಲ್ಲಿ ಹಳೆಯ ಕಾರವಾರ ಹಾಳು ಬಿದ್ದಿತ್ತು.

ಅಂಜದೀವ ಮತ್ತು ಮುಂಬಯಿ

ಕಾರವಾರದ ಎದುರಿನ ಅಂಜದೀವ ನಡುಗಡ್ಡೆಯ ವಿಷಯ ಮಹಾರಾಷ್ಟ್ರದ ಮಕ್ಕಳಿಗೆ ತಿಳಿದಿರಲೇಬೇಕು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಹಡಗು ನಿಲ್ಲಿಸಿದ್ದ. ಮುಂದೆ 1661ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸನಿಗೆ ಪೋರ್ತುಗಲ್ಲಿನ ರಾಜಕುಮಾರಿಯನ್ನು ಕೊಟ್ಟು ಮದುವೆ ಗೊತ್ತಾದಾಗ ವರದಕ್ಷಿಣೆಯಾಗಿ ಮುಂಬಯಿ ಸಿಕ್ಕಿತು ಎಂದು ನಾವು ಕಲಿಸುತ್ತೇವಲ್ಲವೆ? ಆದರೆ ಮರುವರ್ಷ ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಗೆ ಪೋರ್ತುಗೀಜರು ಊರು ಬಿಟ್ಟುಕೊಡಲಿಲ್ಲ. ಆತ ಸುಮಾರು 400 ಸೈನಿಕರೊಂದಿಗೆ ಅಂಜದೀವದಲ್ಲಿ ಕಾಯುತ್ತ ಕುಳಿತ. ಮಳೆ, ಜ್ವರ, ಹಸಿವೆಯಿಂದ ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. 1665ರಲ್ಲಿ ಕೊನೆಗೂ ಮುಂಬಯಿ ಕೈಗೆ ಬಂದಾಗ ಉಳಿದವರು ನೂರರ ಆಸುಪಾಸು. ಮುಂಬಯಿಗಾಗಿ ಸತ್ತ ಮೊದಲ ಇಂಗ್ಲಿಷರ ಗೋರಿ ಕಾರವಾರದ ಕಡಲಲ್ಲಿದೆ ಎನ್ನಬಹುದು.

ಈ ನಡುಗಡ್ಡೆ ಗೋವಾದೊಂದಿಗೆ ಪೋರ್ತುಗೀಜರ ಬಳಿಯೇ ಇತ್ತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾಲಕ್ಕೆ ಭಾರತೀಯ ನೌಕಾಪಡೆ ಅದನ್ನು ಗೆದ್ದಿತು. ಆ ಹೋರಾಟದಲ್ಲಿ ನಮ್ಮ ಏಳು ಜನ ನೌಕಾಯೋಧರು ಹುತಾತ್ಮರಾದರು.

ಅಮೆರಿಕದ ಯುದ್ಧ ಮತ್ತು ಎರೆನೆಲದ ಹತ್ತಿ

ಈಗ ಹೊಸ ಕಾರವಾರದ ಕಥೆಗೆ ಬರೋಣ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಮೆರಿಕದಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕಾರ್ಮಿಕರು ಉಪವಾಸ ಬಿದ್ದರು. ಗಿರಣಿ ಮಾಲಕರ ಕಣ್ಣು ಭಾರತದ ಎರೆನೆಲದ ಮೇಲೆ ಬಿತ್ತು. ಧಾರವಾಡ ಭಾಗದಲ್ಲಿ ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಅಮೆರಿಕದ ಬೀಜ ತಂದು ಬಿತ್ತಿದ್ದರು. 'ಧಾರವಾಡ–ಅಮೆರಿಕನ್' ಎಂಬ ಹೆಸರಿನ ಹತ್ತಿ ಅಲ್ಲಿ ಬೆಳೆಯುತ್ತಿತ್ತು. ದೇಶಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು!

ಆದರೆ ಕುಮಟಾದಲ್ಲಿ ದೊಡ್ಡ ಹಡಗಿಗೆ ಮರೆಯಿರಲಿಲ್ಲ, ಕಾರವಾರದಲ್ಲಿ ಇತ್ತು. ಮ್ಯಾಂಚೆಸ್ಟರಿನ ವರ್ತಕರು ಒಂದು ಹತ್ತಿ ಕಂಪನಿ ಮಾಡಿಕೊಂಡು ಸದಾಶಿವಗಡದ ಕಡೆಗೆ ಯಂತ್ರಗಳನ್ನು ಕಳಿಸಿದರು. ಒಳನಾಡಿನಿಂದ ಬಂದರಿಗೆ ರಸ್ತೆ ಮಾಡಿಕೊಡಿ ಎಂದು ಸರಕಾರದ ಬೆನ್ನು ಹತ್ತಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿ ಬೆಳೆಯುವ ಧಾರವಾಡ ಮತ್ತು ಹತ್ತಿ ಸಾಗಿಸುವ ಬಂದರು ಒಂದೇ ಆಡಳಿತದಲ್ಲಿ ಇರಲಿ ಎಂಬುದೂ ಇದರ ಹಿಂದಿನ ವಿಚಾರ. ಮೀನುಗಾರರ ಗುಡಿಸಲುಗಳಿದ್ದ ಜಾಗದಲ್ಲಿ ಕಲೆಕ್ಟರ ಕಚೇರಿ, ಕೋರ್ಟು, ಬಂಗಲೆಗಳು ಎದ್ದವು. 1864ರಲ್ಲಿ ದೇವಗಡ ನಡುಗಡ್ಡೆಯ ಮೇಲೆ ದೀಪಸ್ತಂಭ ನಿಂತಿತು. ಅರಬೈಲು ಘಟ್ಟದಲ್ಲಿ ಹತ್ತಿಯ ಬಂಡಿಗಳು ಸಾಲುಗಟ್ಟಿ ಇಳಿದವು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ದರ ದೊಪ್ಪನೆ ಬಿತ್ತು. ಮ್ಯಾಂಚೆಸ್ಟರಿನವರ ಉತ್ಸಾಹವೂ ಇಳಿಯಿತು, ಅವರ ಕಂಪನಿಯೂ ಬಹುಕಾಲ ಬಾಳಲಿಲ್ಲ. ಎಲ್ಲಿಯೋ ನಡೆದ ಯುದ್ಧ ಇಲ್ಲಿ ಊರು ಕಟ್ಟಿಸಿತು, ಆ ಯುದ್ಧ ಮುಗಿದಾಗ ಇಲ್ಲಿಯ ರೈತ ಸಾಲದಲ್ಲಿ ಬಿದ್ದ. ಇಂದು ನಮ್ಮ ಭಾಗದಲ್ಲಿ ಸೋಯಾಬಿನ್ ಮತ್ತು ತೊಗರಿಯ ದರ ಏರಿಳಿಯುವುದನ್ನು ನೋಡುವ ಮಕ್ಕಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಬಾರದ ರೈಲು

ಆದರೂ ಕಾರವಾರಕ್ಕೆ ಒಂದು ಆಸೆ ಉಳಿದಿತ್ತು. ಕಾರವಾರದಿಂದ ಹುಬ್ಬಳ್ಳಿ ಕಡೆಗೆ ರೈಲು ಹಾಕುವ ವಿಚಾರ 1870ರ ಸುಮಾರಿಗೆ ಜೋರಾಗಿ ನಡೆಯಿತು. ರೈಲು ಬಂದಿದ್ದರೆ ಇಂದು ಕಾರವಾರ ದೊಡ್ಡ ಬಂದರು ನಗರವಾಗಿರುತ್ತಿತ್ತೋ ಏನೋ. ಆದರೆ 1878ರ ಡಿಸೆಂಬರ್ 26ರಂದು ಬ್ರಿಟಿಷರು ಮತ್ತು ಪೋರ್ತುಗೀಜರು ದೂರದ ಲಿಸ್ಬನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ರೈಲು ಗೋವಾದ ಮುರಗಾಂವ್ ಬಂದರಿಗೆ ಹೋಯಿತು. 1888ರ ಹೊತ್ತಿಗೆ ಮುರಗಾಂವ್‌ದಿಂದ ಕ್ಯಾಸಲ್‌ರಾಕ್‌ವರೆಗೆ ಹಳಿ ಬಿದ್ದು, ಅತ್ತ ಹುಬ್ಬಳ್ಳಿ ಕಡೆಯ ಮಾರ್ಗಕ್ಕೆ ಜೋಡಣೆಯಾಯಿತು. ಈ ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲೇ! ತಮ್ಮದೇ ಜಿಲ್ಲೆಯ ಅಂಚಿನಲ್ಲಿ ಹಾದುಹೋಗುವ ರೈಲು ತಮ್ಮ ವ್ಯಾಪಾರವನ್ನು ಪಕ್ಕದ ಪರದೇಶಿ ಬಂದರಿಗೆ ಒಯ್ಯುವುದನ್ನು ಕಾರವಾರದವರು ನೋಡುತ್ತ ಕುಳಿತರು.

ರೈಲಿನ ಬೆಲೆ ಏನು ಎಂಬುದು ಲಾತೂರ ಜಿಲ್ಲೆಯವರಾದ ನಮಗೆ ಗೊತ್ತಿದೆ. 2016ರ ಬರಗಾಲದಲ್ಲಿ ಮಿರಜದಿಂದ ಲಾತೂರಿಗೆ ಕುಡಿಯುವ ನೀರು ಬಂದದ್ದು ರೈಲಿನಲ್ಲಿಯೇ. ಹಳಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಮಕ್ಕಳನ್ನು ಕೇಳಿ ನೋಡಿ. ಒಂದು ಗೆರೆ ನಕಾಶೆಯ ಮೇಲೆ ಇಲ್ಲಿ ಬೀಳುತ್ತದೋ ಅಲ್ಲಿ ಬೀಳುತ್ತದೋ ಎಂಬುದರ ಮೇಲೆ ಊರುಗಳ ಭವಿಷ್ಯ ನಿಂತಿರುತ್ತದೆ.

ರವೀಂದ್ರರು ಕಂಡ ಕಾರವಾರ

ಹೀಗೆ ಶಾಂತವಾಗಿದ್ದ ಕಾರವಾರಕ್ಕೆ 1883ರಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಬಂಗಾಲಿ ಯುವಕ ಬಂದ. ಆತನ ಅಣ್ಣ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಸತ್ಯೇಂದ್ರನಾಥರು 1863ರಲ್ಲಿ ಐ.ಸಿ.ಎಸ್. ಪರೀಕ್ಷೆ ಗೆದ್ದ ಮೊದಲ ಭಾರತೀಯರು. ಮುಂದೆ ನಮ್ಮ ನೆರೆಯ ಸೊಲ್ಲಾಪುರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಆ ತಮ್ಮನೇ ಮುಂದೆ 1913ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರವೀಂದ್ರನಾಥ ಠಾಕೂರರು.

ಗುಡ್ಡಗಳು ಸುತ್ತುವರಿದ ಆ ಸಣ್ಣ ಬಂದರು, ಅರ್ಧಚಂದ್ರದಂಥ ದಂಡೆ ರವೀಂದ್ರರ ಮನಸ್ಸನ್ನು ಸೆರೆಹಿಡಿದವು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಮರಳುವಾಗ ಅಳಿವೆಯ ಉಸುಕಿನ ಮೇಲೆ ನಡೆದು ಮನೆಗೆ ಬಂದುದನ್ನು ಅವರು ಎಷ್ಟೋ ವರ್ಷಗಳ ನಂತರ, 1912ರಲ್ಲಿ ಪ್ರಕಟವಾದ ತಮ್ಮ 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. ಕಾರವಾರದಲ್ಲಿ ಅವರು 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕ ಬರೆದರು. ಸಂಸಾರದ ಬಂಧನವನ್ನೆಲ್ಲ ಕಡಿದುಕೊಂಡೆ ಎಂದುಕೊಂಡಿದ್ದ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಮತ್ತೆ ಜನರ ನಡುವೆ ಎಳೆದು ತರುವ ಕಥೆ ಅದು. ಆ ದಂಡೆಗೆ ಈಗ ರವೀಂದ್ರರದೇ ಹೆಸರು.

ವಿಚಾರ ಮಾಡಿ ನೋಡಿರಿ. ರೈಲು ಬಂದು, ಹತ್ತಿಯ ಗೋದಾಮುಗಳು, ಹೊಗೆ, ಗದ್ದಲ ತುಂಬಿದ್ದರೆ ಆ ಬೆಳದಿಂಗಳ ದಂಡೆ ರವೀಂದ್ರರಿಗೆ ಸಿಗುತ್ತಿತ್ತೆ? ಇತಿಹಾಸದಲ್ಲಿ ಸೋತ ಊರುಗಳಿಗೂ ಏನೋ ಒಂದು ಉಳಿದಿರುತ್ತದೆ.

ಒಂದೇ ದಿನ, ಎರಡು ಗಡಿ

ಈಗ ನಮ್ಮ ವಿಷಯ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದವು. ಆ ದಿನ ಕಾರವಾರ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ನಮ್ಮ ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲೂಕುಗಳು ಬೀದರನ್ನು ಬಿಟ್ಟು ಉಸ್ಮಾನಾಬಾದ್ ಜಿಲ್ಲೆಯ ಮೂಲಕ ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಅವರು ಆ ಬಾಗಿಲಿನಿಂದ ಹೊರಬಂದರು, ನಾವು ಅದೇ ಬಾಗಿಲಿನಿಂದ ಒಳಹೋದೆವು.

ಕಾರವಾರ ತನಗೆ ಸೇರಬೇಕೆಂದು ಮಹಾರಾಷ್ಟ್ರ ವಾದಿಸಿತು. 1967ರಲ್ಲಿ ಮಹಾಜನ ಆಯೋಗ ಅದು ಮೈಸೂರಿನಲ್ಲೇ ಇರಲಿ ಎಂದಿತು. ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದರ ತೀರ್ಪು ಏನೇ ಬರಲಿ, ಶಿಕ್ಷಕರಾದ ನಾವು ನೋಡಬೇಕಾದದ್ದು ಮಕ್ಕಳನ್ನು. ಕಾರವಾರದ ಎಷ್ಟೋ ಮಕ್ಕಳು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಅವರ ಅಜ್ಜಂದಿರಲ್ಲಿ ಹಲವರು ಮರಾಠಿ ಕಲಿತವರು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುತ್ತಾರೆ. ಅಪ್ಪನ ಹೊಲದ ಸಾತಬಾರಾ ಉತಾರವೂ ಮರಾಠಿಯಲ್ಲಿ. ಕಡಲ ದಂಡೆಯ ಆ ಮಗುವಿಗೂ ಎರೆಹೊಲದ ಈ ಮಗುವಿಗೂ ಶಾಲೆಯ ಮೊದಲ ದಿನದ ಕಷ್ಟ ಒಂದೇ. ಮನೆಯ ಮಾತನ್ನು ಕೀಳೆಂದು ನೋಡದ ಶಿಕ್ಷಕ ಇಬ್ಬರಿಗೂ ಬೇಕು.

ಇಂದಿನ ಕಾರವಾರ

ಬ್ರೈಟನ್ನಿಗೆ 1841ರಲ್ಲಿ ಬಂದ ರೈಲು ಕಾರವಾರಕ್ಕೆ ಬರಲು 20ನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯಿತು. ಅದು ಕರಾವಳಿಗುಂಟ ಓಡುವ ರೈಲು. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಮಾರ್ಗ ಕಾಡಿನ ಪ್ರಶ್ನೆಯಿಂದಾಗಿ ಇನ್ನೂ ಪೂರ್ತಿಯಾಗಿಲ್ಲ.

ಅದೇ ಸುರಕ್ಷಿತ ಕಡಲು ಮತ್ತೆ ದೊಡ್ಡವರ ಕಣ್ಣಿಗೆ ಬಿತ್ತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. ಅದರ ಹೆಸರು ಐ.ಎನ್.ಎಸ್. ಕದಂಬ. ಕನ್ನಡದ ಮೊದಲ ರಾಜವಂಶದ ಹೆಸರು, ಅವರ ರಾಜಧಾನಿ ಬನವಾಸಿಯೂ ಇದೇ ಜಿಲ್ಲೆಯಲ್ಲಿದೆ. ಇದು ನಮಗೆ ಅಭಿಮಾನದ ವಿಷಯವೇ. ಆದರೆ ಅರಗಾ ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಇದಕ್ಕಾಗಿ ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದವು. 2000ರಲ್ಲಿ ಕೈಗಾ ಅಣುಸ್ಥಾವರ ವಿದ್ಯುತ್ ಕೊಡತೊಡಗಿತು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮುಂತಾದ ಅಣೆಕಟ್ಟುಗಳಾದವು.

2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಯ ಕೆಲಸ ಆರಂಭವಾದಾಗ ಮೀನುಗಾರ ಗಂಡಸರು ಹೆಂಗಸರು ಬೀದಿಗಿಳಿದರು. ಒಂದು ದಿನ ಊರೇ ಬಂದ್ ಆಯಿತು. ಉಳಿದ ದಂಡೆಗಳೆಲ್ಲ ಹೋದವು, ಠಾಕೂರರ ಹೆಸರಿನ ಈ ಒಂದು ದಂಡೆಯನ್ನಾದರೂ ನಮಗೆ ಬಿಡಿ ಎಂಬುದು ಅವರ ಬೇಡಿಕೆ. ಹೈಕೋರ್ಟು ಕೆಲಸಕ್ಕೆ ತಡೆ ಕೊಟ್ಟಿತು. ಮ್ಯಾಂಚೆಸ್ಟರಿನವರು, ಲಿಸ್ಬನ್ನಿನವರು, ದಿಲ್ಲಿಯವರು ಈ ಊರಿನ ಬಗ್ಗೆ ತೀರ್ಮಾನ ಮಾಡಿದ್ದಾರೆ. ಬಲೆ ಬೀಸುವವರ ಮಾತು ಕೇಳಿದ್ದು ಮಾತ್ರ ಕಡಿಮೆ.

ಸಹಲು ಹೋಗುವವರಿಗೆ

ಶಾಲೆಯ ಸಹಲು ಒಯ್ಯುವುದಾದರೆ ಮಳೆಗಾಲ ಮುಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಹೋಗುವುದು ಒಳ್ಳೆಯದು. ದಂಡೆಯ ಪಕ್ಕದಲ್ಲೇ 'ಚಪಲ್' ಎಂಬ ನಿವೃತ್ತ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಸದಾಶಿವಗಡದ ಗುಡ್ಡದಿಂದ ನದಿ ಸಮುದ್ರ ಸೇರುವುದನ್ನು ತೋರಿಸಿರಿ. ಭರತ ಇಳಿತಗಳನ್ನು ಪುಸ್ತಕದಿಂದ ಕಲಿಸುವುದಕ್ಕಿಂತ ದಂಡೆಯಲ್ಲಿ ಒಂದು ಕೋಲು ನೆಟ್ಟು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿಸಿರಿ.

ಆದರೆ ಎಚ್ಚರಿಕೆ ಇರಲಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮುಳುಗಿ 16 ಜನ ತೀರಿಕೊಂಡರು. ಜೀವರಕ್ಷಕ ಜಾಕೀಟಿಲ್ಲದೆ ಮಕ್ಕಳನ್ನು ದೋಣಿ ಹತ್ತಿಸಬೇಡಿರಿ, ಮೊಣಕಾಲಿಗಿಂತ ಆಳಕ್ಕೆ ಬಿಡಬೇಡಿರಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿತ್ತು. ಅದರ ಪಕ್ಕದ ಹೊಸ ಸೇತುವೆ ಉಳಿದಿದೆ.

ಹೋಗಲು ಆಗದಿದ್ದರೆ ಒಂದು ನಕಾಶೆ ಸಾಕು. ಒಂದು ಬಣ್ಣದಲ್ಲಿ ಧಾರವಾಡದಿಂದ ಕಾರವಾರಕ್ಕೆ ಹತ್ತಿಯ ಬಂಡಿ ಇಳಿದ ದಾರಿ, ಇನ್ನೊಂದರಲ್ಲಿ ಹುಬ್ಬಳ್ಳಿಯಿಂದ ಮುರಗಾಂವ್‌ಗೆ ಹೋದ ರೈಲು, ಮೂರನೆಯದರಲ್ಲಿ 1956ರ ಗಡಿ ಬರೆಯಿಸಿರಿ. ಆಮೇಲೆ ನಮ್ಮ ಊರಿನ ಹತ್ತಿರ ಯಾವ ಗೆರೆಗಳು ಹಾದುಹೋಗಿವೆ, ಅವನ್ನು ಯಾರು ಎಳೆದರು, ನಮ್ಮ ಅಜ್ಜಂದಿರನ್ನು ಕೇಳಿದ್ದರೇ ಎಂದು ಮಕ್ಕಳೇ ಮನೆಯಲ್ಲಿ ವಿಚಾರಿಸಿ ಬರೆದುಕೊಂಡು ಬರಲಿ.